ನಾಲ್ಕು ಗಂಟೆಯ ನಂತರ

ಬೆಳಿಗ್ಗೆಯಿಂದ ಮೂರನೆಯ ಸಲ ಮೇಣ ಬೇಕಾದ್ದಕ್ಕಿಂತ ಹೆಚ್ಚು ಕರಗಿ ಕೋರೆಹಲ್ಲು ವಾಲಿತು. ಅದನ್ನು ಚಿಮಟದಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿ, ಸ್ಪಿರಿಟ್ ದೀಪದಲ್ಲಿ ಕಾಸಿದ ಚಾಕುವಿನ ತುದಿಯಿಂದ ಬುಡಕ್ಕೆ ಒಂದೇ ಒಂದು ತೊಟ್ಟು ಮೇಣ ಬಿಟ್ಟು, ಅದು ಆರುವ ತನಕ ಉಸಿರು ಬಿಗಿಹಿಡಿದು ಕೂರುವುದು ಅವಳು ಹದಿನಾಲ್ಕು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಹಲ್ಲು ಹೋದವರಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವ ಆ ಸಣ್ಣ ಲ್ಯಾಬಿನಲ್ಲಿ ಅವಳಷ್ಟು ಸ್ಥಿರವಾದ ಕೈ ಇನ್ನೊಂದಿರಲಿಲ್ಲ. ಅಲ್ಲಿ ಇದ್ದದ್ದೇ ಮೂರು ಜೋಡಿ ಕೈ ಎನ್ನುವುದು ಬೇರೆ ಮಾತು. ಇವತ್ತು ಆ ಕೈ ಹೇಳಿದಂತೆ ಕೇಳುತ್ತಿರಲಿಲ್ಲ. ತಪ್ಪು ಕೈಯದ್ದಲ್ಲ, ಒಳಗಿನ ಸಿಟ್ಟಿನದ್ದು ಎಂದು ಅವಳಿಗೆ ಗೊತ್ತಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಮಾತ್ರ ಒಂದು ಹೆಸರು ಹೇಳುವುದು ಕಷ್ಟವಾಗುತ್ತಿತ್ತು. ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಿದ್ದ ಗಂಡನ ಮುಂದೆ ನಿಂತು, ಇವತ್ತು ಸಾಯಂಕಾಲದೊಳಗೆ ಆ ದೊಡ್ಡ ಲ್ಯಾಬಿನವರಿಗೆ ಉತ್ತರ ಕೊಡಬೇಕು, ಏನು ಹೇಳಲಿ ಎಂದು ಕೇಳಿದ್ದಳು. ಅವನು ತಲೆ ಎತ್ತದೆ, ಲೇಸಿನ ಗಂಟು ಬಿಗಿಯುತ್ತ, "ನಿನ್ನಿಷ್ಟ" ಎಂದಿದ್ದ. ಕೇಳುವುದಕ್ಕೆ ಎಷ್ಟು ಮರ್ಯಾದೆಯ ಮಾತು. ಅಕ್ಕನಿಗೆ ಹೇಳಿದ್ದರೆ, ಅಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಅವಳನ್ನೇ ಬೈಯುತ್ತಿದ್ದಳು. ಆದರೆ ಆ ಮಾತಿಗೊಂದು ಬಾಲವಿತ್ತು. ನಾಳೆ ಮಗಳು ಕಡಿಮೆ ಅಂಕ ತಂದರೆ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರೆ, ಅಥವಾ ಕೈಯಲ್ಲಿ ದುಡ್ಡು ಸಾಲದೇ ಹೋದರೆ, ನೀನೇ ತಾನೆ ಹೇಳಿದ್ದು ಎಂಬ ಬಾಲ. ಹದಿಮೂರು ವರ್ಷಗಳ ಸಂಸಾರದಲ್ಲಿ ಅವನು ಯಾವುದನ್ನೂ ಬೇಡ ಎಂದವನಲ್ಲ, ಬೇಕು ಎಂದವನೂ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಲು ಹಿಡಿಯುವ ಕೈ ಮಾತ್ರ ಯಾವಾಗಲೂ ಅವಳದ್ದೇ ಆಗಿರಬೇಕು.

ಚಾಕುವನ್ನು ಮತ್ತೆ ದೀಪಕ್ಕೆ ಹಿಡಿದಳು. ಎದುರಿಗೆ ಗೋಡೆಗೆ ಅಂಟಿಸಿದ್ದ ಫೋಟೋದಲ್ಲಿ ಮೂವತ್ತರ ಹರೆಯದ ಹೆಂಗಸೊಬ್ಬಳು ನಗುತ್ತಿದ್ದಳು. ಈಗ ಆಕೆಗೆ ಎಪ್ಪತ್ತೆರಡು, ನಿವೃತ್ತ ಶಾಲಾ ಶಿಕ್ಷಕಿ, ಬಾಯಲ್ಲಿ ಒಂದೂ ಹಲ್ಲಿಲ್ಲ. ಫೋಟೋದ ನಗುವಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದಿಯಿತ್ತು. ಹೊಸ ಸೆಟ್ಟಿನಲ್ಲಿ ಆ ಸಂದಿ ಬೇಕೇ ಬೇಕೆಂದು ಆಕೆ ಹಟ ಹಿಡಿದಿದ್ದಾಳೆಂದು ದಂತವೈದ್ಯರು ಚೀಟಿಯಲ್ಲಿ ಬರೆದು ಕಳಿಸಿದ್ದರು. ಇಂಥ ಕೆಲಸ ಬಂದರೆ ಅವಳಿಗೆ ಖುಷಿಯಾಗುತ್ತಿತ್ತು. ಒಪ್ಪವಾದ ಹಲ್ಲನ್ನು ಯಾರು ಬೇಕಾದರೂ ಸಾಲಾಗಿ ಕೂರಿಸುತ್ತಾರೆ. ಒಬ್ಬರ ಬಾಯಿಯ ಓರೆಕೋರೆಯನ್ನು ಹಾಗೇ ಮರಳಿ ಕೊಡಬೇಕಾದರೆ ಕೂತು ನೋಡುವಷ್ಟು ಹೊತ್ತು ಬೇಕು. ಶನಿವಾರ ಆ ದೊಡ್ಡ ಲ್ಯಾಬಿನಲ್ಲಿ ಅವಳ ಕೈ ಪರೀಕ್ಷೆ ಮಾಡಿದಾಗ ಇಲ್ಲದೇ ಹೋದದ್ದು ಅದೇ. ಉದ್ದನೆಯ ಹಾಲು, ಹದಿನಾರು ಮೇಜು, ಪ್ರತಿ ಮೇಜಿನ ಮೇಲೆ ಬಿಳಿ ದೀಪ, ಗೋಡೆಯ ಮೇಲೆ ದೊಡ್ಡ ಪರದೆ. ಪರದೆಯಲ್ಲಿ ಯಾರ ಮೇಜಿನಿಂದ ಎಷ್ಟು ಸೆಟ್ಟು ಮುಗಿಯಿತು ಎಂಬ ಅಂಕಿಗಳು ಬದಲಾಗುತ್ತಲೇ ಇದ್ದವು. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಒಳಗೆ ಹೋಗುವಾಗ ಫೋನನ್ನು ಒಂದು ಡ್ರಾಯರಿನಲ್ಲಿಟ್ಟು ಬೀಗ ಹಾಕಬೇಕಿತ್ತು. ಹೊರಗೆ ಬರುವಾಗಲೇ ಅದು ವಾಪಸ್ಸು. ಮನೆಯಲ್ಲಿ ಏನಾದರೂ ಆದರೆ ಎಂದು ಅವಳು ಕೇಳಿದಾಗ, ಆಫೀಸಿನ ನಂಬರು ಕೊಟ್ಟಿರಿ, ನಾವು ತಿಳಿಸುತ್ತೇವೆ ಎಂದು ಹೇಳಿದವಳು ಗುಂಗುರು.

ಗುಂಗುರು ಎಂದು ಅವಳೇ ಇಟ್ಟ ಹೆಸರು, ಕೂದಲು ನೋಡಿ. ಐದು ವರ್ಷದ ಹಿಂದೆ ಇದೇ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು, ಬಾಚಿಹಲ್ಲು ಯಾವುದು ಕೋರೆಹಲ್ಲು ಯಾವುದು ಎಂದು ತಿಳಿಯದೆ, ಮೇಣದಲ್ಲಿ ಬೆರಳು ಸುಟ್ಟುಕೊಂಡು ಅತ್ತಿದ್ದ ಹುಡುಗಿ. ಅವಳೇ ಕೈ ಹಿಡಿದು ಕಲಿಸಿದ್ದಳು. ಆ ದೊಡ್ಡ ಲ್ಯಾಬಿನವರು ಮೊದಲು ಕರೆದದ್ದು ಗುಂಗುರುವನ್ನಲ್ಲ, ಅವಳನ್ನು. ಮಗಳು ಚಿಕ್ಕವಳು, ನಾನು ನಾಲ್ಕಕ್ಕೆ ಮನೆಗೆ ಹೋಗಬೇಕು ಎಂದು ಅವಳು ಒಲ್ಲೆ ಎಂದದ್ದಕ್ಕೆ ಗುಂಗುರುವಿನ ಪಾಲಿಗೆ ಬಂದ ಜಾಗ ಅದು. ಈಗ ಗುಂಗುರುವೇ ಅಲ್ಲಿನ ಮೇಲ್ವಿಚಾರಕಿ. ಶನಿವಾರ ತನ್ನ ಮೇಲಿನವನ ಎದುರು ಅವಳನ್ನು ಅಕ್ಕ ಎನ್ನಲಿಲ್ಲ, "ಇವರು" ಎಂದಳು. ಇವರ ಫಿನಿಶಿಂಗ್ ತುಂಬಾ ಚೆನ್ನಾಗಿರುತ್ತೆ ಸರ್, ಸ್ಪೀಡು ನಾವು ಬರಿಸಿಕೊಳ್ಳಬಹುದು ಎಂದಳು. ಎತ್ತಿನ ವಿಷಯ ಮಾತಾಡಿದ ಹಾಗೆ. ಅವಳು ನಗುತ್ತ ನಿಂತಿದ್ದಳು. ಆ ನಗು ನೆನಪಾದಾಗಲೆಲ್ಲ ಕೆನ್ನೆ ಬಿಸಿಯಾಗುತ್ತಿತ್ತು. ನಲವತ್ತರ ಹೆಂಗಸು, ತಾನು ಕಲಿಸಿದವಳ ಎದುರು ಸ್ಟಾಪ್‌ವಾಚಿಗೆ ಹಲ್ಲು ಜೋಡಿಸಿ, ಹದಿನಾರು ಮೇಜಿನಲ್ಲಿ ಹದಿನಾಲ್ಕನೆಯವಳಾಗಿ ಮುಗಿಸಿ, ನಗುವುದು. ಸಂಬಳ ಈಗಿನದಕ್ಕಿಂತ ಒಂದೂಮುಕ್ಕಾಲು ಪಟ್ಟು ಎಂದು ಆ ಮೇಲಿನವನು ಹೇಳಿದಾಗಲೂ ಅದೇ ನಗು ಮುಖದ ಮೇಲೇ ಇತ್ತು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆ, ತಿಂಗಳಲ್ಲಿ ಎರಡು ಶನಿವಾರ, ಹೋಗಿಬರಲು ತಲಾ ಮುಕ್ಕಾಲು ಗಂಟೆ. ಅಂದರೆ ಮನೆ ಬಿಡುವಾಗ ಮಗಳು ಹಾಸಿಗೆಯಲ್ಲಿ, ಮನೆ ಸೇರುವಾಗ ಮಗಳು ಊಟದ ಮುಂದೆ. ಸೋಮವಾರ ಸಂಜೆಯೊಳಗೆ ಹೇಳಿ, ಕಾಯ್ತಾ ಇರೋರು ಬಹಳ ಜನ ಇದ್ದಾರೆ ಎಂದು ಬಾಗಿಲವರೆಗೆ ಬಂದು ಹೇಳಿದ ಗುಂಗುರು, ಅಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ, "ಬನ್ನಿ ಅಕ್ಕ, ಒಂದ್ಸಲ ಅಭ್ಯಾಸ ಆದ್ರೆ ಏನೂ ಅನ್ಸಲ್ಲ" ಎಂದಿದ್ದಳು. ಅವಳನ್ನು ಹೆದರಿಸಿದ್ದು ಅದೇ ಮಾತು.

ಭಾನುವಾರವಿಡೀ ತೂಗಿದ್ದೇ ತೂಗಿದ್ದು. ಬಟ್ಟೆ ಒಗೆಯುವಾಗ ಆ ಕಡೆ ಭಾರವಾಗುತ್ತಿತ್ತು, ಒಣಹಾಕುವಾಗ ಈ ಕಡೆ. ಮನೆಗೆ ಎರಡೇ ಕೋಣೆ. ಹನ್ನೊಂದಕ್ಕೆ ಬಿದ್ದ ಮಗಳು ಅಜ್ಜಿಯ ಜೊತೆ ಒಂದೇ ಮಂಚದಲ್ಲಿ, ಅಜ್ಜಿಯ ಗೊರಕೆಗೂ ಕೆಮ್ಮಿಗೂ ಬೆನ್ನು ಹಾಕಿ ಮಲಗುತ್ತಾಳೆ. ಸಂಬಳ ಹೆಚ್ಚಾದರೆ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಖಾಲಿ ಬಿದ್ದಿರುವ ಮೂರು ಕೋಣೆಯ ಮನೆಗೆ ಹೋಗಬಹುದು. ಮಗಳು ಆಗಲೇ ಅಲ್ಲಿನ ಕಿಟಕಿಯ ಕೆಳಗೆ ಮೇಜು ಇಟ್ಟಾಗಿದೆ, ಮನಸ್ಸಿನಲ್ಲಿ. ಇನ್ನೊಂದು ತಟ್ಟೆಯಲ್ಲಿ ಏನಿತ್ತು? ನಾಲ್ಕು ಗಂಟೆ. ನಾಲ್ಕಕ್ಕೆ ಮೇಜು ಒರೆಸಿ, ನಾಲ್ಕೂ ಇಪ್ಪತ್ತಕ್ಕೆ ಮನೆ ಸೇರಿ, ಮಗಳ ಜೊತೆ ಇರುವುದು. ಅದಕ್ಕೋಸ್ಕರ ಅಲ್ಲವೇ ಆಗ ಬಂದ ಭಾಗ್ಯವನ್ನು ಬಿಟ್ಟದ್ದು, ಬೆರಳು ಸುಟ್ಟುಕೊಂಡವಳು ಮೇಡಂ ಆದದ್ದನ್ನು ಸಹಿಸಿದ್ದು. ಯಾರಾದರೂ ಸಂಬಳದ ಮಾತೆತ್ತಿದರೆ ಅವಳ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು: ದುಡ್ಡು ಯಾವಾಗ ಬೇಕಾದರೂ ಬರುತ್ತೆ, ಮಗು ದೊಡ್ಡದಾಗುವುದು ಒಂದೇ ಸಲ. ಹೇಳಿ ಹೇಳಿ ಆ ಮಾತು ಅವಳ ಬಾಯಿಗೆ ಸರಿಯಾಗಿ ಕೂತ ಸೆಟ್ಟಿನ ಹಾಗೆ ಆಗಿತ್ತು. ತನ್ನದಲ್ಲ ಎಂಬುದೇ ಮರೆತುಹೋಗುವಷ್ಟು.

ಊಟದ ಹೊತ್ತಿಗೆ ಮಾಲೀಕರು ತಮ್ಮ ಡಬ್ಬಿಯನ್ನು ಅವಳ ಮೇಜಿಗೇ ತಂದರು. ಎಪ್ಪತ್ತರ ಹತ್ತಿರದ ಮನುಷ್ಯ, ಕೈ ನಡುಗಲು ಶುರುವಾಗಿ ಎರಡು ವರ್ಷ. ಈಗ ಅವರು ಹಲ್ಲು ಜೋಡಿಸುವುದಿಲ್ಲ, ವೈದ್ಯರ ಹತ್ತಿರ ಮಾತಾಡುತ್ತಾರೆ, ಬಿಲ್ಲು ಬರೆಯುತ್ತಾರೆ. ಪ್ಲಾಸ್ಟರಿನಲ್ಲಿ ದವಡೆಯ ಅಚ್ಚು ಎರೆಯುವ ಅರೆಕಿವುಡ ಮೂಲೆಯಲ್ಲಿ ತನ್ನ ಪಾಡಿಗೆ ತಿನ್ನುತ್ತಿದ್ದ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರೆ, ಕಡಲೆ ಇದ್ದವರಿಂದಲೇ ನಮ್ಮ ಜೀವನ ನಡೀತಿರೋದು ಎಂದು ಮಾಲೀಕರು ತಮ್ಮ ಹಳೇ ನಗೆಚಾಟಿಕೆಯಿಂದ ಶುರುಮಾಡಿದರು. ಆಮೇಲೆ, ಶನಿವಾರ ನೀನು ಎಲ್ಲಿಗೆ ಹೋಗಿದ್ದೆ ಅನ್ನುವುದು ನನಗೆ ಗೊತ್ತು ಎಂದರು. ಈ ಕಸುಬಿನಲ್ಲಿ ಇರುವವರೇ ನಾಲ್ಕು ಜನ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಎಷ್ಟು ಹೊತ್ತು ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬದಲಿಗೆ ನಿಧಾನವಾಗಿ ನೆನಪಿಸುತ್ತ ಹೋದರು. ಮಗುವಿಗೆ ನ್ಯುಮೋನಿಯಾ ಆದಾಗ ಎಂಟು ದಿನ ಬರಲಿಲ್ಲವಲ್ಲ, ನಾನೊಂದು ಮಾತು ಕೇಳಿದೆನೇ. ಅತ್ತೆಯ ಕಣ್ಣಿನ ಆಪರೇಷನ್ನಿಗೆ. ಶಾಲೆಯ ಸಭೆಗಳಿಗೆ. ನಾಲ್ಕು ಹೊಡೆದರೆ ಚಾಕು ಕೆಳಗಿಡುತ್ತೀಯ, ಅರ್ಧ ಕಟ್ಟಿದ ಸೆಟ್ಟಿದ್ದರೂ. ಬೇರೆ ಯಾರು ಬಿಡುತ್ತಾರೆ. ಅವರು ಒಂದನ್ನೂ ಮರೆತಿರಲಿಲ್ಲ. ತಾನು ಸಲೀಸಾಗಿ ಉಸಿರಾಡಿದ್ದೇನೆ ಎಂದುಕೊಂಡ ಒಂದೊಂದು ದಿನವನ್ನೂ ಈ ಮನುಷ್ಯ ಪಕ್ಕದಲ್ಲಿ ಕೂತು ನೋಡುತ್ತಿದ್ದನೇ ಎಂದು ಅವಳಿಗೆ ಮೈ ಉರಿಯಿತು.

"ಸಂಬಳದಲ್ಲಿ ನಾನು ಅವರ ಸರಿಸಮ ನಿಲ್ಲೋಕಾಗಲ್ಲಮ್ಮ" ಎಂದರು ಮಾಲೀಕರು. "ಒಂದು ಕೆಲಸ ಮಾಡು. ಇನ್ನು ಮೇಲೆ ಮೂರೂವರೆಗೇ ಹೋಗು. ಇವತ್ತಿಂದಲೇ ಹೋಗು. ಹೆಣ್ಣುಮಕ್ಕಳಿಗೆ ಮನೆ ಮುಖ್ಯ ಅಂತ ನನಗೆ ಗೊತ್ತಿಲ್ವಾ."

ಅವಳು ಡಬ್ಬಿ ಮುಚ್ಚಿದಳು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದಂತೆ. ಹಲ್ಲು ಎಣಿಸುವುದೇ ಅವಳ ಕಸುಬು. ಆರು ವರ್ಷದಲ್ಲಿ ಎರಡು ಸಲ ಸಂಬಳ ಏರಿಸಿದ ಮನುಷ್ಯ, ಹಳೇ ಬಟ್ಟೆ ಮಡಿಸಿ ಕೊಡುವ ಹಾಗೆ ಅರ್ಧ ಗಂಟೆಯನ್ನು ಮಡಿಸಿ ಕೊಡುತ್ತಿದ್ದಾನೆ. ಆ ಅರ್ಧ ಗಂಟೆಯಲ್ಲಿ ತಾನು ಮನೆಯಲ್ಲಿ ಏನು ಮಾಡುತ್ತೇನೆ ಎಂದು ಇವರು ಅಂದುಕೊಂಡಿದ್ದಾರೆ? ಕಾಲು ಚಾಚಿ ಕೂರುತ್ತೇನೆಂದೇ? ಇನ್ನೊಂದು ಬಕೆಟ್ ಬಟ್ಟೆ, ಇನ್ನೊಂದು ರಾಶಿ ಪಾತ್ರೆ, ಅತ್ತೆಯ ಮಾತ್ರೆ, ನಾಳೆಯ ತರಕಾರಿ. ಜಗತ್ತಿನಲ್ಲಿ ಎಲ್ಲರೂ ಅವಳಿಗೆ ಹೊತ್ತನ್ನು ಕೊಡುವವರೇ, ಎಲ್ಲರೂ ಅದನ್ನು ತುಂಬಿಸಿಯೇ ಕೊಡುತ್ತಾರೆ. ಅತ್ತ ಹೋದರೆ ದುಡ್ಡು ಬರುತ್ತದೆ, ಅದು ಮೂರನೇ ಮಹಡಿಗೆ ಹೋಗುತ್ತದೆ; ಇತ್ತ ಉಳಿದರೆ ಹೊತ್ತು ಉಳಿಯುತ್ತದೆ, ಅದು ಅಡುಗೆಮನೆಗೆ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಹೀಗೆ ಒಂದು ಪ್ರಶ್ನೆಯ ರೂಪದಲ್ಲಿ, ನಿನಗೆ ಯಾವುದು ಬೇಕು ಆರಿಸಿಕೊ ಎಂದು ತಟ್ಟೆಯಲ್ಲಿಟ್ಟು ಹಿಡಿಯುತ್ತಾರಲ್ಲ, ಅದಕ್ಕೆ ಅವಳಿಗೆ ಸಿಟ್ಟು. ಮೂರೂವರೆಗೆ ಮೇಜು ಒರೆಸದೆ, ದೀಪ ಆರಿಸಿ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಅರ್ಧ ಗಂಟೆಯಲ್ಲಿ ಬೀದಿ ಇಷ್ಟು ಬೇರೆಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ; ಔಷಧಿ ಅಂಗಡಿಯವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದ, ಟೈಲರ್ ಅಂಗಡಿಯ ಹೆಂಗಸರು ಮೆಟ್ಟಿಲ ಮೇಲೆ ಕೂತು ಏನನ್ನೋ ಹಂಚಿಕೊಂಡು ತಿನ್ನುತ್ತಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ಒಂದು ನಗು ಕೇಳಿಸಿತು. ಮೊದಲು ಯಾರದ್ದೋ ಮನೆಯದ್ದು ಎಂದುಕೊಂಡಳು. ಎರಡನೇ ಮಹಡಿಗೆ ಬಂದಾಗ ಅದು ತನ್ನ ಮನೆಯಿಂದಲೇ ಬರುತ್ತಿದೆ ಎಂದು ಗೊತ್ತಾಯಿತು. ಅತ್ತೆ ನಗುತ್ತಿದ್ದರು, ಹೊಟ್ಟೆ ಹಿಡಿದುಕೊಂಡು ನಗುವವರ ಹಾಗೆ, ನಡುನಡುವೆ ಕೆಮ್ಮುತ್ತ. ಮಗಳು ಯಾರದ್ದೋ ದನಿ ಅನುಕರಿಸುತ್ತ ಏನೋ ಕೂಗುತ್ತಿದ್ದಳು. ಟೀವಿ ಗಟ್ಟಿಯಾಗಿ ಹಾಡುತ್ತಿತ್ತು. ಬಾಗಿಲು ಬರೀ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಅವಳು ಒಳಗೆ ಕಾಲಿಟ್ಟಾಗ ಮಗಳು ಅಜ್ಜಿಯ ಸೀರೆಯನ್ನು ಹೆಗಲಿಗೆ ಹೊದ್ದು ಮಂಚದ ಮೇಲೆ ನಿಂತಿದ್ದಳು, ನೆಲದ ಮೇಲೆ ತಿಂಡಿಯ ತಟ್ಟೆ, ಚೆಲ್ಲಾಪಿಲ್ಲಿ ಪುಸ್ತಕ, ಅತ್ತೆಯ ಮಡಿಲಲ್ಲಿ ಬಣ್ಣದ ಕಾಗದದ ಚೂರುಗಳು. ಅವಳನ್ನು ನೋಡಿದ್ದೇ ಮಗಳು ಕೆಳಗೆ ಹಾರಿದಳು. ಟೀವಿ ಆರಿತು. ಅತ್ತೆ ಎದ್ದು, ಮೊಣಕಾಲು ಹಿಡಿದುಕೊಂಡು, ತಟ್ಟೆಯನ್ನು ಎತ್ತಲು ಬಗ್ಗಿದರು. ಯಾರೂ ಏನೂ ತಪ್ಪು ಮಾಡಿರಲಿಲ್ಲ. ಆದರೂ ಇಬ್ಬರೂ, ಎಪ್ಪತ್ತರವರೂ ಹನ್ನೊಂದರವಳೂ, ಕಳ್ಳರ ಹಾಗೆ ಕೋಣೆಯನ್ನು ಸರಿಮಾಡತೊಡಗಿದರು.

"ಇವತ್ತು ಬೇಗ ಬಂದ್ಬಿಟ್ಯಲ್ಲಮ್ಮ" ಎಂದಳು ಮಗಳು. "ನಾಲ್ಕೂ ಹತ್ತಕ್ಕೆ ನಾವು ಎಲ್ಲ ತೆಗೆದಿಡ್ತೀವಿ."

ದಿನಾ ನಾಲ್ಕೂ ಹತ್ತಕ್ಕೆ. ಅವಳು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತಿದ್ದಳು. ಇಷ್ಟು ವರ್ಷ ತಾನು ಬಂದಾಗ ಕಂಡದ್ದು ಒಪ್ಪವಾದ ಕೋಣೆ, ಪುಸ್ತಕದ ಮುಂದೆ ಕೂತ ಮಗಳು, ಜಪಕ್ಕೆ ಕೂತವರ ಹಾಗೆ ಸುಮ್ಮನೆ ಕೂತ ಅತ್ತೆ. ಇವರಿಗೆ ಮಾತೇ ಬರುವುದಿಲ್ಲ, ಈ ಮನೆಯಲ್ಲಿ ನಾನಿಲ್ಲದಿದ್ದರೆ ಗೋಡೆಗಳಿಗೂ ಜೀವವಿಲ್ಲ ಎಂದು ಅವಳು ಒಳಗೊಳಗೇ ಅಂದುಕೊಂಡಿದ್ದಳು, ಕೊಂಚ ಹೆಮ್ಮೆಯಿಂದಲೇ. ತಾನು ಹೊಸ ಕೆಲಸಕ್ಕೆ ಹೋದರೆ ಬರುವುದು ಏಳೂಕಾಲಾಗುತ್ತದೆ, ಗೊತ್ತಾ ಎಂದು ಕೇಳಿದಳು. ಮಗಳು ಪುಸ್ತಕ ಜೋಡಿಸುತ್ತಲೇ, ಹೋಗಮ್ಮ, ನಂಗೆ ರೂಮ್ ಸಿಗುತ್ತಲ್ಲ ಎಂದಳು. ಸಂಜೆ ನಾನಿರುವುದಿಲ್ಲವಲ್ಲ ಎಂದು ಅವಳು ಮತ್ತೆ ಕೇಳಿದಳು; ಕೇಳಬಾರದಿತ್ತು. ಮಗಳು ಅಜ್ಜಿಯ ಮುಖ ನೋಡಿದಳು. ಅತ್ತೆ ಬೇಡ ಎನ್ನುವಂತೆ ಕಣ್ಣು ತಿರುಗಿಸಿದರು. ಆ ಕಣ್ಸನ್ನೆ ಅವಳಿಗೂ ಕಂಡಿತು.

"ನೀನು ಇದ್ರೂ ಸಿಟ್ಟಲ್ಲೇ ಇರ್ತೀಯಲ್ಲ" ಎಂದಳು ಮಗಳು. ಎದುರು ಮಾತಿನ ದನಿಯಲ್ಲಿ ಅಲ್ಲ, ಇವತ್ತು ಮೋಡವಿದೆ ಎನ್ನುವ ದನಿಯಲ್ಲಿ.

ಅವಳ ಕೈ ಎದ್ದಿತು. ಹೊಡೆಯಲಿಲ್ಲ. ಹೊಡೆಯುವ ಅಭ್ಯಾಸ ಅವಳಿಗೆ ಇರಲಿಲ್ಲ, ಎಲ್ಲೋ ಎರಡು ಸಲ, ಮೂರು ಸಲ. ಆದರೆ ಮಗಳ ಹೆಗಲು ಕಿವಿಯತನಕ ಮೇಲೇರಿ ಕಣ್ಣು ಮುಚ್ಚಿದ ರೀತಿಯಲ್ಲಿ ಗಾಬರಿ ಇರಲಿಲ್ಲ, ರೂಢಿ ಇತ್ತು. ಅತ್ತೆ ಯಾವಾಗ ನಡುವೆ ಬಂದರೋ, ಮಗುವಿನ ತಲೆಯನ್ನು ತಮ್ಮ ಸೊಂಟಕ್ಕೆ ಒತ್ತಿಕೊಂಡಿದ್ದರು. ಕೈಯನ್ನು ಇನ್ನೆಲ್ಲಿಡಬೇಕೆಂದು ತಿಳಿಯದೆ ಅವಳು ಅದರಿಂದ ತನ್ನ ಕೂದಲು ಸರಿಮಾಡಿಕೊಂಡಳು. ಆ ನಾಟಕ ಮೂವರಿಗೂ ಅರ್ಥವಾಯಿತು. ಬ್ಯಾಗು ಹೆಗಲ ಮೇಲೇ ಇತ್ತು. ತಿರುಗಿ ಮೆಟ್ಟಿಲು ಇಳಿದಳು. ನಿಮಗೋಸ್ಕರ, ನಿಮಗೋಸ್ಕರ ಎಂದು ಅಷ್ಟು ವರ್ಷ ತಂದು ಸುರಿದದ್ದು ಇದೇ ಏನು. ದಿನಕ್ಕೊಂದು ಪಾತ್ರೆ ಸಿಟ್ಟು, ನಾಲ್ಕೂ ಇಪ್ಪತ್ತಕ್ಕೆ ತಪ್ಪದೆ. ಹಾಗಾದರೆ ಆ ಸಿಟ್ಟು ಎಲ್ಲಿಂದ ಬಂತು, ಅದನ್ನು ತುಂಬಿಸಿದವರು ಯಾರು ಎಂದು ಯಾರೂ ಯಾಕೆ ಕೇಳುವುದಿಲ್ಲ? ನಾಚಿಕೆಯಾಗುತ್ತಿತ್ತು, ನಾಚಿಕೆಯಾದಷ್ಟೂ ಸಿಟ್ಟು ಏರುತ್ತಿತ್ತು. ಕಾಲು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ತಿಳಿದದ್ದು ಮೈದಾನದ ಬೇಲಿ ಕಂಡಾಗ.

ಆ ಮೈದಾನದಲ್ಲಿ ಗಂಡ ಡ್ರೈವಿಂಗ್ ಕಲಿಸುತ್ತಾನೆ. ಬೆಳಿಗ್ಗೆ ಆರರಿಂದ ಹತ್ತು, ಮತ್ತೆ ಮೂರರಿಂದ ಏಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯಲ್ಲಿರುವ ಎರಡನೇ ಬ್ರೇಕಿನ ಮೇಲೆ ಸದಾ ಪಾದವಿಟ್ಟುಕೊಂಡಿರುವುದು ಅವನ ಕಸುಬು. ಮೇಲೆ ಹಳದಿ ಫಲಕ ಹೊತ್ತ ಕಾರು ಗೂಟಗಳ ನಡುವೆ ಬಸವನಹುಳದ ಹಾಗೆ ಬರುತ್ತಿತ್ತು. ಅವಳು ಅಡ್ಡ ಹೋಗಿ ನಿಂತಳು. ಕಾರು ಗಕ್ಕನೆ ನಿಂತಿತು. ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. ಸ್ಟೇರಿಂಗ್ ಹಿಡಿದಿದ್ದವರು ಐವತ್ತು ದಾಟಿದ ಗುಮಾಸ್ತರೊಬ್ಬರು, ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಏನಾಯ್ತು, ಅಮ್ಮ ಹೇಗಿದ್ದಾರೆ ಎಂದು ಗಂಡ ಗಾಬರಿಯಿಂದ ಹಿಂದೆ ತಿರುಗಿದ. ಎಲ್ಲರೂ ಚೆನ್ನಾಗಿದ್ದಾರೆ, ನಾನಿಲ್ಲದಾಗ ಬಹಳ ಚೆನ್ನಾಗಿದ್ದಾರೆ ಎಂದಳು. ಗುಮಾಸ್ತರು, ನಾನು ಇಳೀಲಾ ಎಂದು ಮೆಲ್ಲಗೆ ಕೇಳಿದರು. ನೀವು ಕ್ಲಚ್ ನೋಡಿ ಸರ್, ಒಂದನೇ ಗೇರಿನಲ್ಲೇ ಹೋಗ್ತಿರಿ ಎಂದ ಗಂಡ. ದುಡ್ಡು ಕೊಟ್ಟ ಮುಕ್ಕಾಲು ಗಂಟೆ ಗುಮಾಸ್ತರದ್ದು. ಅದನ್ನು ನಿಲ್ಲಿಸುವ ಹಾಗಿರಲಿಲ್ಲ. ಹೀಗಾಗಿ ಅವರ ಜಗಳ ಒಂದನೇ ಗೇರಿನಲ್ಲಿ, ಗೂಟಗಳನ್ನು ಸುತ್ತುತ್ತ, ಮೂರನೆಯವರ ಕಿವಿಯ ಮುಂದೆ ನಡೆಯಿತು.

"ನಿಮಗೇನು ಬೇಕು ಅದನ್ನ ಹೇಳಿ" ಎಂದಳು. "ನಾನು ಹೋಗ್ಬೇಕಾ, ಇರ್ಬೇಕಾ?"

"ಬೆಳಿಗ್ಗೆನೇ ಹೇಳಿದ್ನಲ್ಲ, ನಿನ್ನಿ—"

"ಆ ಮಾತು ಇನ್ನೊಂದ್ಸಲ ಬಂದ್ರೆ ಈಗಲೇ ಬಾಗಿಲು ತೆಗೆದು ಇಳೀತೀನಿ, ಗಾಡಿ ಹೋಗ್ತಿರೋವಾಗ್ಲೇ."

ಗಾಡಿ ಹೋಗುತ್ತಿದ್ದ ವೇಗಕ್ಕೆ ಇಳಿದರೆ ಇರುವೆಗೂ ಪೆಟ್ಟಾಗುತ್ತಿರಲಿಲ್ಲ. ಆದರೂ ಗಂಡ ಆ ಮಾತನ್ನು ಮುಗಿಸಲಿಲ್ಲ. ಗುಮಾಸ್ತರು ಗೂಟವೊಂದನ್ನು ಸವರಿಕೊಂಡು ಹೋದರು, ಅವನು ಗಮನಿಸಲಿಲ್ಲ. ಅವನ ಕತ್ತಿನ ನರ ಬಿಗಿದದ್ದನ್ನು ಅವಳು ಹಿಂದಿನಿಂದ ನೋಡುತ್ತಿದ್ದಳು. ಒಂದಿಡೀ ಸುತ್ತು ಮುಗಿಯಿತು.

"ಹೋಗು ಅಂತ ನನ್ನಾಸೆ" ಎಂದ ಅವನು, ಮುಂದಿನ ಗಾಜನ್ನು ನೋಡುತ್ತಲೇ. "ನೀನು ಹೋದ್ರೆ ನಾನು ಸಂಜೆ ಬ್ಯಾಚು ಬಿಡ್ತೀನಿ. ಮಂಡಿ ಹೋಗಿದೆ. ಬ್ರೇಕಿನ ಮೇಲೆ ಕಾಲಿಟ್ಟೂ ಇಟ್ಟೂ ಸವೆದಿದೆ, ಹೀಗೇ ಬಿಟ್ರೆ ಆಪರೇಷನ್ನೇ ಅಂದಿದ್ದಾರೆ ಡಾಕ್ಟ್ರು."

ಯಾವಾಗ ಹೋಗಿದ್ದಿರಿ ಎಂದಳು. ಎರಡು ತಿಂಗಳಾಯಿತು ಎಂದ. ಎರಡು ತಿಂಗಳು ಯಾಕೆ ಹೇಳಲಿಲ್ಲ ಎಂದು ಅವಳು ಕೂಗಿದ ಹೊಡೆತಕ್ಕೆ ಗುಮಾಸ್ತರ ಕಾಲು ಜಾರಿ ಕಾರು ಎಗರಿ ಆಫಾಯಿತು. ಗಂಡ ಮೊದಲ ಸಲ ಪೂರ್ತಿ ತಿರುಗಿ ಅವಳ ಮುಖ ನೋಡಿದ. ಅವನ ಮುಖದಲ್ಲೂ ಸಿಟ್ಟಿತ್ತು. ಅಷ್ಟು ವರ್ಷದಲ್ಲಿ ಅವಳು ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಹೇಳಿದ್ರೆ ನೀನು ತಕ್ಷಣ ಹೂಂ ಅಂತಿದ್ದೆ" ಎಂದ. "ಆಮೇಲೆ ಸಾಯೋತನಕ, ನಿಮ್ಮ ಮಂಡಿಗೋಸ್ಕರ ಹೋದೆ, ನಿಮ್ಮ ಮಂಡಿಗೋಸ್ಕರ ಹೋದೆ. ಮಗಳಿಗೆ ಅದನ್ನೇ ಮಾಡ್ತಿದ್ದೀಯ. ನನ್ನ ತಲೆಗೂ ಅಂಥದ್ದೊಂದು ಋಣ ಬೇಡ ಅನ್ನಿಸ್ತು."

ಅದು ನಿಜವಾಗಿತ್ತು. ಸುಳ್ಳಾಗಿದ್ದರೆ ಅವಳು ಇನ್ನೊಂದು ಗಂಟೆ ಜಗಳವಾಡುತ್ತಿದ್ದಳು. ಕಾರಿನ ಹೊರಗೆ ಧೂಳು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಗುಮಾಸ್ತರು ಕೀಲಿಯ ಮೇಲೆ ಕೈಯಿಟ್ಟು, ತಿರುಗಿಸಬೇಕೋ ಬೇಡವೋ ಎಂದು ಕಾಯುತ್ತಿದ್ದರು. ಇಷ್ಟು ವರ್ಷ ತನ್ನ ಒಂದೊಂದು ತ್ಯಾಗಕ್ಕೂ ಅವಳು ಒಬ್ಬೊಬ್ಬರ ಹೆಸರಿನ ಚೀಟಿ ಅಂಟಿಸಿಟ್ಟಿದ್ದಳು. ಹಾಗೆ ಅಂಟಿಸದೆ, ಯಾರ ಹೆಸರೂ ಹೇಳದೆ, ತನಗೇ ಏನು ಬೇಕು ಎಂದು ಅವಳು ಈಗ ಕೇಳಿಕೊಂಡಳು. ಒಳಗಿಂದ ಉತ್ತರ ಬರಲು ತಡವಾಯಿತು. ಬಂದಾಗ ಅದು ಬಹಳ ಸಣ್ಣದಾಗಿತ್ತು, ಬಹಳ ಸ್ವಾರ್ಥದ್ದೂ ಆಗಿತ್ತು: ಆ ಪರದೆಯ ಕೆಳಗೆ ಕೂರುವುದು ಬೇಡ. ಸಂದಿ ಬಿಟ್ಟು ಹಲ್ಲು ಕೂರಿಸುವ ಕೆಲಸ ಬೇಕು. ಮತ್ತೆ, ನಾಲ್ಕಕ್ಕೆ ಮನೆಗೆ ಹೋಗುವುದೂ ಬೇಡ.

"ನಾನು ಹೋಗಲ್ಲ" ಎಂದಳು. "ನೀವು ಸಂಜೆ ಬ್ಯಾಚು ಬಿಡಿ. ಹೇಗೂ ಬಿಡಿ. ನಾಲ್ಕಕ್ಕೆ ನೀವು ಮನೇಲಿರಿ. ನಾನು ಆರಕ್ಕೆ ಬರ್ತೀನಿ."

"ನಿಂದು ಏರದೆ, ನನ್ನದೂ ಕಡಿಮೆ ಆದ್ರೆ ಮನೆ ನಡೆಯೋದು ಹೇಗೆ?"

"ಬಿಗಿಯಾಗಿ ನಡೆಯುತ್ತೆ. ಮೇಲಿನ ಮನೆ ಇಲ್ಲ. ನಿಮ್ಮಮ್ಮನಿಗೂ ಮಗಳಿಗೂ ಒಂದೇ ಮಂಚ."

"ಆರರವರೆಗೆ ನೀನೆಲ್ಲಿರ್ತೀಯ?"

ಗೊತ್ತಿಲ್ಲ ಎಂದಳು. ನಿಜವಾಗಿ ಗೊತ್ತಿರಲಿಲ್ಲ. ನಲವತ್ತು ವರ್ಷದವಳಿಗೆ ದಿನಕ್ಕೆರಡು ಗಂಟೆ ಸಿಕ್ಕರೆ ಅದನ್ನು ಇಡಲು ಒಂದು ಜಾಗ ಗೊತ್ತಿಲ್ಲ ಎನ್ನುವುದು ಅವಳನ್ನು ಮತ್ತೊಮ್ಮೆ ರೇಗಿಸಿತು. ಗಂಡ ಏನೋ ಹೇಳಲು ಬಾಯಿ ತೆರೆದವನು, ಅಭ್ಯಾಸಬಲದಿಂದ ಬರುತ್ತಿದ್ದ ಮಾತನ್ನು ಅಲ್ಲೇ ಕಚ್ಚಿ ಹಿಡಿದ. ಸರಿ ಎನ್ನಲಿಲ್ಲ. ನನಗಿದು ಇಷ್ಟ ಇಲ್ಲ ಎಂದ. ಇರಲಿ ಎಂದಳು ಅವಳು. ಹೊರಗೆ ಇಳಿದು, ಬೇಲಿಯ ಪಕ್ಕ ನಿಂತು ಗುಂಗುರುವಿನ ಆಫೀಸಿನ ನಂಬರಿಗೆ ಫೋನು ಮಾಡಿದಳು. ತುಂಬಾ ಹೊತ್ತು ಕಾಯಿಸಿ ಆಮೇಲೆ ಲೈನಿಗೆ ಬಂದ ಗುಂಗುರುವಿಗೆ, ಬರುವುದಿಲ್ಲ ಎಂದಷ್ಟೇ ಹೇಳಿದಳು. ಇನ್ನೊಂದು ಸಲ ಕರೆಯುವುದಿಲ್ಲ ಅಕ್ಕ, ಯೋಚನೆ ಮಾಡಿ ಎಂದಿತು ಆ ದನಿ. ಹಿಂದೆ ಯಾವುದೋ ಯಂತ್ರ ಕಿರ್ರೆನ್ನುತ್ತಿತ್ತು. ಫೋನಿಟ್ಟ ಮೇಲೆ ಒಂದೂಮುಕ್ಕಾಲು ಪಟ್ಟು ಎಂದರೆ ಎಷ್ಟು ಎಂದು ಮತ್ತೊಮ್ಮೆ ಲೆಕ್ಕ ಹಾಕಿದಳು. ಸಂತೋಷವೇನೂ ಆಗಲಿಲ್ಲ. ನಾಳೆ ಮಾಲೀಕರ ಮುಂದೆ ಹೋಗಿ ನಿಲ್ಲಬೇಕು. ತಮ್ಮ ಅರ್ಧ ಗಂಟೆಯ ದಾನಕ್ಕೆ ಕರಗಿ ಉಳಿದಳು ಎಂದು ಅವರು ಮೀಸೆಯಲ್ಲೇ ನಗುತ್ತಾರೆ. ಆ ಅರ್ಧ ಗಂಟೆ ನೀವೇ ಇಟ್ಟುಕೊಳ್ಳಿ, ಅದರ ಬದಲಿಗೆ ಸಂಬಳ ಏರಿಸಿ, ನಿಮ್ಮ ಕೈ ನಡುಗುತ್ತದೆ, ನನ್ನದು ನಡುಗುವುದಿಲ್ಲ ಎಂದು ಹೇಳಬೇಕು. ಹೇಳಲು ಬಾಯಿ ಬರುತ್ತದೋ ಇಲ್ಲವೋ. ನಿಂತಲ್ಲೇ ಆ ಮಾತನ್ನು ಎರಡು ಸಲ ಅಂದುಕೊಂಡಳು.

ಗುಮಾಸ್ತರ ಪಾಠ ಮುಗಿದ ಮೇಲೆ ಗಂಡ ಮುಂದಿನವರನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದ. ಇಬ್ಬರೂ ಮನೆಯ ಕಡೆ ನಡೆದರು. ಅವಳು ಎಂದಿನಂತೆ ಬಿರಬಿರನೆ ಮುಂದೆ ಹೋದಳು. ಅವನ ನಿಧಾನಕ್ಕೆ ಸೋಮಾರಿತನ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಬೀದಿಯ ತಿರುವಿನಲ್ಲಿ ಹಿಂದೆ ನೋಡಿದರೆ ಅವನು ಬಲಗಾಲನ್ನು ಚೂರು ಎಳೆಯುತ್ತ, ಯಾರಿಗೂ ಕಾಣದಿರಲೆಂದು ಗೋಡೆಯ ಬದಿಗೇ ಬರುತ್ತಿದ್ದ. ಅವಳು ನಿಂತಳು. ಮರಳಿ ಹೋಗಿ ಕೈ ಹಿಡಿಯಲಿಲ್ಲ. ಅಷ್ಟು ಒಳ್ಳೆಯತನ ಇವತ್ತು ಅವಳಲ್ಲಿ ಉಳಿದಿರಲಿಲ್ಲ. ಅವನು ಬಂದು ಸೇರಿದ ಮೇಲೆ, ಮಗಳಿಗೆ ಯಾರು ಹೇಳೋದು ಎಂದು ಕೇಳಿದ. ನಾನೇ ಹೇಳ್ತೀನಿ ಎಂದಳು.

ಬಾಗಿಲು ತೆಗೆದದ್ದು ಮಗಳೇ. ತೆಗೆದವಳು ಮೊದಲು ಅಮ್ಮನ ಮುಖವನ್ನು ಓದಿದಳು, ಕ್ಷಣಾರ್ಧದಲ್ಲಿ, ಚಿಲಕದ ಮೇಲಿನ ಕೈಯನ್ನೂ ತೆಗೆಯದೆ. ಒಳಗೆ ಅತ್ತೆ ದೀಪ ಹಾಕಿ ಕೂತಿದ್ದರು, ನೆಲ ಒಪ್ಪವಾಗಿತ್ತು. ಅವಳು ಹೊಸ್ತಿಲಲ್ಲೇ ನಿಂತು, ಹೊಸ ಕೆಲಸಕ್ಕೆ ಹೋಗುತ್ತಿಲ್ಲ, ಮೇಲಿನ ಮನೆಯೂ ಇಲ್ಲ, ನಿನ್ನ ರೂಮೂ ಇಲ್ಲ ಎಂದು ಹೇಳಿದಳು. ಯಾಕೆ ಎಂದಳು ಮಗಳು. ನಿನಗೋಸ್ಕರ ಪುಟ್ಟ, ನಿನ್ನ ಜೊತೆ ಇರಬೇಕಲ್ಲ ಎಂಬ ಮಾತು ತಾನಾಗೇ ನಾಲಿಗೆಯ ತುದಿಗೆ ಬಂದು ನಿಂತಿತು, ಅಷ್ಟು ವರ್ಷ ಬಂದ ದಾರಿಯಲ್ಲೇ. ಅದನ್ನು ನುಂಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

"ನಂಗೆ ಬೇಡ ಅನ್ನಿಸ್ತು" ಎಂದಳು.

ಮಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕಿಟಕಿ, ಕಿಟಕಿಯ ಕೆಳಗಿನ ಮೇಜು, ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು ಎಲ್ಲವೂ ಅವಳ ಕಣ್ಣೊಳಗೆ ಒಂದೊಂದಾಗಿ ಹೋಗುವುದು ಕಾಣುತ್ತಿತ್ತು. ಇದು ಅನ್ಯಾಯ ಎಂದಳು, ನಿಂಗೆ ಬೇಡ ಅನ್ನಿಸಿದ್ರೆ ಆಗೋಯ್ತಾ, ಇದು ಅನ್ಯಾಯ. ಒಳಗಿನಿಂದ ಅತ್ತೆ, ದೊಡ್ಡವರ ಹತ್ತಿರ ಹಾಗೆಲ್ಲ ಮಾತಾಡಬಾರದು ಎಂದು ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು.

"ಹೌದು" ಎಂದಳು ಅವಳು. "ಅನ್ಯಾಯವೇ."

ಮಗಳು ಅದನ್ನು ನಿರೀಕ್ಷಿಸಿರಲಿಲ್ಲ. ಹೆಗಲು ಮೇಲೇರಲಿಲ್ಲ, ಕಣ್ಣು ಮುಚ್ಚಲಿಲ್ಲ. ಕೆಂಪಾದ ಮುಖವನ್ನು ಎತ್ತಿ, ನೀರು ತುಂಬಿದ ಕಣ್ಣನ್ನು ಒರೆಸಿಕೊಳ್ಳದೆ, ಹಲ್ಲು ಕಚ್ಚಿ, ತನ್ನ ತಾಯಿಯ ಮೇಲಿನ ಸಿಟ್ಟನ್ನು ತಾಯಿಯ ಮುಖಕ್ಕೇ ನೇರವಾಗಿ ಹಿಡಿದು ನಿಂತಳು. ಹಿಂದೆ ಗಂಡ ಗೋಡೆ ಹಿಡಿದು ಕಾಯುತ್ತಿದ್ದ. ಅವಳು ಒಳಗೂ ಹೋಗಲಿಲ್ಲ, ಬೈಯಲೂ ಇಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಆ ಮುಖವನ್ನು ನೋಡುತ್ತ ನಿಂತಳು, ಮಗಳಿಗೆ ಸಾಕೆನಿಸುವ ತನಕ.